ಮೀಟಿಯರ್ 350: ಘಾಟ್‌ನಲ್ಲಿ ಪಿಕಪ್ ಸಾಲುತ್ತಿಲ್ಲ, ಎಂಜಿನ್‌ಗೆ ಮೊದಲು ಏನು ಮಾಡಿಸಲಿ?

ವಾಕಡ್ ಮೀಟಿಯರ್ (ಭಾನುವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನನ್ನ ಊರು ಧಾರವಾಡ, ಪುಣೆಗೆ ಬಂದು ಆರು ವರ್ಷ ಆಯಿತು. ಗಾಡಿ ರಾಯಲ್ ಎನ್‌ಫೀಲ್ಡ್ ಮೀಟಿಯರ್ 350 ಬೈಕ್, 2021ರದು. 38 ಸಾವಿರ ಕಿ.ಮೀ. ಓಡಿದೆ. ವಾರಂಟಿ ಮುಗಿದಿದೆ.

ಎರಡು ತಿಂಗಳಿಗೊಮ್ಮೆ ಹೆಂಡತಿ ಜೊತೆ ಊರಿಗೆ ಹೋಗುತ್ತೇನೆ. ಡಬಲ್ ಸೀಟ್, ಜೊತೆಗೆ ಎರಡು ಸೈಡ್ ಬ್ಯಾಗ್. ಸಪಾಟು ರಸ್ತೆಯಲ್ಲಿ 80-90ಕ್ಕೆ ಗಾಡಿ ಆರಾಮಾಗಿ ಹೋಗುತ್ತದೆ. ತೊಂದರೆ ಇರುವುದು ಪುಣೆ-ಸಾತಾರಾ ಹೆದ್ದಾರಿಯ ಖಂಬಾಟಕಿ ಘಾಟ್‌ನಲ್ಲಿ. ಹೋದ ವಾರ ಅಲ್ಲಿ ಉಕ್ಕಿನ ಸುರುಳಿ ಹೇರಿದ ಟ್ರಕ್ ಹಿಂದೆ ಸಿಕ್ಕಿಕೊಂಡೆ. ಬಲಗಡೆ ಜಾಗ ಸಿಕ್ಕಿತು, ಆಕ್ಸಿಲರೇಟರ್ ಪೂರ್ತಿ ತಿರುವಿದೆ. ಸದ್ದು ಬಂತು, ಗಾಡಿ ಮುಂದೆ ಹೋಗಲಿಲ್ಲ. ಟ್ರಕ್ಕಿನ ಹಿಂದಿನ ಚಕ್ರದ ಪಕ್ಕದಲ್ಲೇ ನಾಲ್ಕೈದು ಸೆಕೆಂಡು ಉಳಿದುಬಿಟ್ಟೆವು. ಹೆಂಡತಿ ಹಿಡಿದ ರಭಸಕ್ಕೆ ನನ್ನ ಜಾಕೆಟ್ಟಿನ ಹೊಲಿಗೆ ಬಿಟ್ಟಿದೆ.

ಬಜೆಟ್ 40 ಸಾವಿರ. ಒಬ್ಬರು ಫ್ರೀ ಫ್ಲೋ ಸೈಲೆನ್ಸರ್ (ಹೊಗೆಯನ್ನು ಹೆಚ್ಚು ತಡೆಯದೆ ಹೊರಬಿಡುವುದು) ಮತ್ತು ಫಿಲ್ಟರ್ ಅಂತಾರೆ. ಇನ್ನೊಬ್ಬರು ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಮೇಲೆ ಕೂರಿಸುವ ಡಬ್ಬಿ ಅಂತಾರೆ. ಮೂರನೆಯವರು ಸೀದಾ ಬೋರ್ ಕಿಟ್ (ಸಿಲಿಂಡರ್ ಅಗಲ ಮಾಡಿ ದೊಡ್ಡ ಪಿಸ್ಟನ್) ಹಾಕಿಸು ಅಂತಾರೆ. ವಾಲ್ವ್ ತೆರೆಯುವ ಕ್ಯಾಮ್ ಬದಲಿಸಿ ಹೆಡ್ ಪೋರ್ಟಿಂಗ್ (ಹೆಡ್‌ನಲ್ಲಿ ಗಾಳಿಯ ದಾರಿ ಉಜ್ಜಿ ದೊಡ್ಡದು ಮಾಡುವುದು) ಮಾಡಿಸು ಅಂದವರೂ ಇದ್ದಾರೆ. ಯಾವುದು ಮೊದಲು? ಮಾಡಿಸಿದವರು ದಯವಿಟ್ಟು ಹೇಳಿ.

ಹಿಂಜವಡಿ ಹುಡುಗ

ಅಣ್ಣ, ಯೋಚನೆನೇ ಮಾಡಬೇಡಿ. ಫ್ರೀ ಫ್ಲೋ ಮತ್ತು ಫಿಲ್ಟರ್. ನಾನು ನನ್ನ ಕ್ಲಾಸಿಕ್‌ಗೆ ಹಾಕಿಸಿದ ದಿನವೇ ಗೊತ್ತಾಯಿತು, ಗಾಡಿ ಬೇರೇನೇ ಆಯಿತು. ಶಕ್ತಿ 3 ಬಿಎಚ್‌ಪಿ (ಹಾರ್ಸ್‌ಪವರ್) ಆದರೂ ಜಾಸ್ತಿ ಆಗಿದೆ.

ಭೋಸರಿ ಲೇತ್

ತಮ್ಮಾ, ಆ 3 ಬಿಎಚ್‌ಪಿ ಎಲ್ಲಿ ಅಳೆಸಿದೆ?

ಹಿಂಜವಡಿ ಹುಡುಗ

ಅಳೆಸಿಲ್ಲ. ಓಡಿಸಿದರೆ ಗೊತ್ತಾಗುತ್ತೆ ಅಲ್ವಾ?

ಭೋಸರಿ ಲೇತ್

ಸದ್ದು ಜಾಸ್ತಿ ಆದರೆ ವೇಗ ಜಾಸ್ತಿ ಆದ ಹಾಗೆ ಅನಿಸುತ್ತದೆ. ಅದು ಎಲ್ಲರಿಗೂ ಹಾಗೆಯೇ, ನಿನ್ನ ತಪ್ಪಲ್ಲ. ಒಂದು ಕೆಲಸ ಮಾಡು. ಹಳೇ ಸೈಲೆನ್ಸರ್ ಇನ್ನೂ ಮನೆಯಲ್ಲಿದ್ದರೆ ಅದನ್ನು ಹಾಕು. ಖಾಲಿ ರಸ್ತೆ ನೋಡಿಕೊಂಡು ನಾಲ್ಕನೇ ಗೇರಿನಲ್ಲಿ 40ರಿಂದ 80ಕ್ಕೆ ಎಷ್ಟು ಸೆಕೆಂಡ್ ಬೇಕು ನೋಡು. ಮೂರು ಸಲ. ಆಮೇಲೆ ಹೊಸದು ಹಾಕಿ ಅದೇ ರಸ್ತೆ, ಅದೇ ದಿಕ್ಕು, ಮತ್ತೆ ಮೂರು ಸಲ. ಬಂದದ್ದನ್ನು ಇಲ್ಲಿ ಬರಿ.

ವಾಕಡ್ ಅವರೇ, ನಿಮಗೊಂದು ಪ್ರಶ್ನೆ. ಟ್ರಕ್ ದಾಟುವಾಗ ಗೇರ್ ಎಷ್ಟರಲ್ಲಿತ್ತು?

ವಾಕಡ್ ಮೀಟಿಯರ್

ಐದರಲ್ಲೇ ಇತ್ತು ಸರ್. ಆಮೇಲೆ ನಾಲ್ಕಕ್ಕೆ ಇಳಿಸಿದೆ. 60ರ ಹತ್ತಿರ ಹೋಗುತ್ತಿದ್ದೆ.

ಭೋಸರಿ ಲೇತ್

ಹಾಗಾದರೆ ಲೆಕ್ಕ ಹಾಕೋಣ. ನಾನು ವಿಜಯಪುರದವನು, ಇಲ್ಲಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ 19 ವರ್ಷ ಲೇತ್ ಮತ್ತು ಬೋರಿಂಗ್ ಕೆಲಸ ಮಾಡಿದ್ದೇನೆ. ಲೆಕ್ಕ ಹಾಕದೆ ಎಂಜಿನ್ ಬಿಚ್ಚುವುದು ನನಗೆ ಆಗಿಬರುವುದಿಲ್ಲ.

ಮೀಟಿಯರ್‌ನ ಶಕ್ತಿ 6100 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 20.2 ಬಿಎಚ್‌ಪಿ. ಟಾರ್ಕ್, ಅಂದರೆ ತಿರುಗಿಸುವ ಬಲ, 4000ದಲ್ಲಿ 27 ಎನ್‌ಎಂ. ಈ 20 ಬಿಎಚ್‌ಪಿ ಯಾವಾಗಲೂ ಕೈಯಲ್ಲಿರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಐದನೇ ಗೇರಿನಲ್ಲಿ 60ಕ್ಕೆ ಎಂಜಿನ್ ಮೂರು ಸಾವಿರದ ಆಸುಪಾಸಿನಲ್ಲಿ ತಿರುಗುತ್ತಿರುತ್ತದೆ. ಅಲ್ಲಿ ಟಾರ್ಕ್ ಪೂರ್ತಿ 27 ಇದ್ದರೂ ಶಕ್ತಿ ಹನ್ನೊಂದೂವರೆ ಬಿಎಚ್‌ಪಿ ದಾಟುವುದಿಲ್ಲ. ಗೇರ್‌ಬಾಕ್ಸ್, ಚೈನ್ ತಿಂದು ಚಕ್ರಕ್ಕೆ ಹತ್ತು ಮುಟ್ಟಿದರೆ ದೊಡ್ಡದು.

ಈಗ ಭಾರ ನೋಡಿ. ಗಾಡಿ 191 ಕೆಜಿ, ನೀವಿಬ್ಬರು 140 ಅಂತ ಹಿಡಿಯೋಣ, ಬ್ಯಾಗು 25. ಎಲ್ಲ ಸೇರಿ 356. ನೂರು ಮೀಟರಿಗೆ ಆರು ಮೀಟರ್ ಏರು ಅಂದರೆ ಬರೀ ಭಾರ ಎತ್ತಲು ಸುಮಾರು 4.7 ಬಿಎಚ್‌ಪಿ ಬೇಕು. ಗಾಳಿ, ಟೈರ್ ಸೇರಿ ಇನ್ನೊಂದು ನಾಲ್ಕು. ಚಕ್ರಕ್ಕೆ ಬಂದ ಹತ್ತರಲ್ಲಿ ಒಂಬತ್ತು ಇಲ್ಲೇ ಹೋಯಿತು. ಓವರ್‌ಟೇಕ್ ಮಾಡಲು ಕೈಯಲ್ಲಿ ಉಳಿದದ್ದು ಒಂದೇ ಒಂದು.

ಅದೇ ಮೂರನೇ ಗೇರಿಗೆ ಇಳಿಸಿದ್ದರೆ ಎಂಜಿನ್ ನಾಲ್ಕು ಸಾವಿರ ದಾಟುತ್ತಿತ್ತು. ಚಕ್ರಕ್ಕೆ ಹದಿಮೂರರ ಮೇಲೆ ಬರುತ್ತಿತ್ತು. ಒಂದಿದ್ದ ಜಾಗದಲ್ಲಿ ನಾಲ್ಕು ಬಿಎಚ್‌ಪಿ ಉಳಿಯುತ್ತಿತ್ತು. ಈ ಗಾಡಿಯ ಮೀಟರಿನಲ್ಲಿ ಆರ್‌ಪಿಎಂ ತೋರಿಸುವುದಿಲ್ಲ, ಅದಕ್ಕೆ ಸವಾರನಿಗೆ ಇದು ಗೊತ್ತಾಗುವುದಿಲ್ಲ.

ಮುಲುಂಡ್ ಭಟ್ರು

ಇಷ್ಟು ಬಿಡಿಸಿ ಹೇಳಿದ್ದು ನಾನು ಎಲ್ಲೂ ಓದಿಲ್ಲ ಮಾರಾಯ್ರೆ. ಆದರೆ ಅವರು ಕೇಳಿದ್ದು ಎಂಜಿನ್‌ಗೆ ಏನು ಮಾಡಿಸಲಿ ಅಂತ. ಗೇರ್ ಇಳಿಸಿ ಅಂದರೆ ಪ್ರಶ್ನೆ ಮುಗಿಯುವುದಿಲ್ಲ ಅಲ್ವಾ?

ನನ್ನ ಹತ್ತಿರ ಹಾರ್ಲೆ ಸ್ಟ್ರೀಟ್ ಬಾಬ್ ಇದೆ, 107 ಕ್ಯೂಬಿಕ್ ಇಂಚಿನ ಮಿಲ್ವಾಕಿ-ಏಟ್ ಎಂಜಿನ್. ಹಾರ್ಲೆಯವರು ಇದನ್ನೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಮಾಡಿದ್ದಾರೆ. ಮೊದಲನೇ ಸ್ಟೇಜ್ ಅಂದರೆ ಏರ್ ಕ್ಲೀನರ್, ಸೈಲೆನ್ಸರ್ ಮತ್ತು ಅದಕ್ಕೆ ತಕ್ಕ ಟ್ಯೂನ್. ಎರಡನೆಯದಕ್ಕೆ ಕ್ಯಾಮ್. ಮೂರನೆಯದಕ್ಕೆ ದೊಡ್ಡ ಬೋರ್. ನಾಲ್ಕಕ್ಕೆ ಹೆಡ್, ಥ್ರಾಟಲ್ ಬಾಡಿ, ಇಂಜೆಕ್ಟರ್ ಎಲ್ಲ. ಒಂದನ್ನು ಬಿಟ್ಟು ಮುಂದಿನದಕ್ಕೆ ಹಾರಿದರೆ ದುಡ್ಡು ದಂಡ. ಗಾಳಿ ಒಳಗೆ ಬರುವ ದಾರಿ ಚಿಕ್ಕದಿಟ್ಟು ಬೋರ್ ದೊಡ್ಡದು ಮಾಡಿ ಏನು ಪ್ರಯೋಜನ?

ಕ್ಯಾಮ್ ವಿಷಯದಲ್ಲಿ ನಾನು ಸುಟ್ಟುಕೊಂಡಿದ್ದೇನೆ. ಕಾಗದದ ಮೇಲೆ ಜಾಸ್ತಿ ಬಿಎಚ್‌ಪಿ ತೋರಿಸಿದ ಕ್ಯಾಮ್ ತೆಗೆದುಕೊಂಡೆ. ಅದರ ಶಕ್ತಿ ಎಲ್ಲ ಮೇಲಿನ ಆರ್‌ಪಿಎಂನಲ್ಲಿ. ನಾನು ಓಡಿಸುವುದು ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯ ಟ್ರಾಫಿಕ್‌ನಲ್ಲಿ. ಕೆಳಗೆ ಮೊದಲಿದ್ದ ಎಳೆತವೂ ಹೋಯಿತು. ಒಂದು ವರ್ಷ ಒದ್ದಾಡಿ ಕೊನೆಗೆ ಟಾರ್ಕ್ ಕ್ಯಾಮ್ ಹಾಕಿಸಿದೆ. ಈಗ ಎರಡೂವರೆ ಸಾವಿರದಿಂದಲೇ ಎಳೆಯುತ್ತದೆ. ಕ್ರೂಸರ್‌ಗೆ ಬೇಕಾದದ್ದು ಅದೇ.

ಪೋಂಡಾ ಸವಾರ

ಗಾಡಿ ಮಾರಿ ಸೂಪರ್ ಮೀಟಿಯರ್ 650 ತಗೊಳ್ಳಿ. 47 ಪಿಎಸ್, 52 ಎನ್‌ಎಂ. ಚೋರ್ಲಾ ಘಾಟ್‌ನಲ್ಲಿ ಡಬಲ್ ಸೀಟ್ ಹತ್ತುವಾಗ ಗೇರ್ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಇಲ್ಲ ನಾನು.

ವಾಕಡ್ ಮೀಟಿಯರ್

ಆಸೆ ಇದೆ ಅಣ್ಣ, ಆದರೆ ಮನೆ ಕಂತು ನಡೀತಿದೆ. 241 ಕೆಜಿ ಗಾಡಿಯನ್ನು ನಮ್ಮ ಸೊಸೈಟಿ ಪಾರ್ಕಿಂಗ್‌ನಲ್ಲಿ ಹಿಂದೆ ತಳ್ಳುವುದೂ ಕಷ್ಟ. ಈ ಗಾಡಿಯ ಸೀಟು ಹೆಂಡತಿಗೆ ಒಗ್ಗಿದೆ. ಇದನ್ನೇ ಸರಿ ಮಾಡಿಸುತ್ತೇನೆ.

ಪೋಂಡಾ ಸವಾರ

ಸರಿ, ಒಪ್ಪಿದೆ. ಇನ್ನೊಂದು ಮಾತು. ಪುಣೆ ಇರುವುದು ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿ. ಸಾವಿರ ಮೀಟರಿಗೆ ಹೆಚ್ಚುಕಡಿಮೆ ಹತ್ತನೇ ಒಂದು ಭಾಗ ಶಕ್ತಿ ಇಳಿಯುತ್ತದೆ, ಗಾಳಿ ತೆಳು ಆಗುವುದರಿಂದ. ಅದೇ ಗಾಡಿ ಇಲ್ಲಿ ಗೋವಾದಲ್ಲಿ ಸ್ವಲ್ಪ ಚುರುಕು. ನನ್ನ ತಮ್ಮ ಪುಣೆಯಿಂದ ಬಂದಾಗಲೆಲ್ಲ ಹೇಳುತ್ತಾನೆ.

ಕಾತ್ರಜ್ ಅಕ್ಕ

ಬೋರ್ ಕಿಟ್ ಬಗ್ಗೆ ಯಾರೂ ಬರೆದಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ನನ್ನದು ಹಳೇ ಥಂಡರ್‌ಬರ್ಡ್ 350. ಮೂರು ವರ್ಷದ ಹಿಂದೆ ಒಂದು ವರ್ಕ್‌ಶಾಪ್‌ನಲ್ಲಿ ಬೋರ್ ದೊಡ್ಡದು ಮಾಡಿಸಿ ಫೋರ್ಜ್ಡ್ ಪಿಸ್ಟನ್ ಹಾಕಿಸಿದೆ. ಮೊದಲ ತಿಂಗಳು ಸ್ವರ್ಗ. ಕಾತ್ರಜ್ ಏರನ್ನು ನಾಲ್ಕನೇ ಗೇರಿನಲ್ಲೇ ಹತ್ತುತ್ತಿದ್ದೆ.

ಎರಡನೇ ತಿಂಗಳಲ್ಲಿ ಸಿಲಿಂಡರ್ ಮತ್ತು ಹೆಡ್ ಕೂಡುವ ಕಡೆ ಆಯಿಲ್ ಬೆವರುವುದು ಕಂಡಿತು. ಬಟ್ಟೆಯಲ್ಲಿ ಒರೆಸಿದರೆ ಮರುದಿನ ಮತ್ತೆ. ಆಮೇಲೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಟಕ್‌ಟಕ್ ಸದ್ದು, ಹತ್ತು ನಿಮಿಷ ಬಿಸಿಯಾದ ಮೇಲೆ ಕಡಿಮೆ. ಸಾವಿರ ಕಿ.ಮೀ.ಗೆ 700 ಮಿ.ಲೀ. ಆಯಿಲ್ ಕುಡಿಯತೊಡಗಿತು. ಅಪ್ಪನನ್ನು ನೋಡಲು ಬೆಳಗಾವಿಗೆ ಹೊರಟವಳು ಕರಾಡ್‌ನಲ್ಲಿ ಟ್ರಾಫಿಕ್‌ಗೆ ಸಿಕ್ಕಿ, ಎಂಜಿನ್ ಕಾದು, ಗಾಡಿ ನಿಂತೇಹೋಯಿತು. ಟೆಂಪೊದಲ್ಲಿ ಹಾಕಿಕೊಂಡು ವಾಪಸ್ ಬಂದೆ. ವರ್ಕ್‌ಶಾಪ್‌ನವರು ನಿಮ್ಮ ಓಡಿಸುವ ರೀತಿ ಸರಿಯಿಲ್ಲ ಅಂದರು. ಆ ಮಾತು ನನಗೆ ಇವತ್ತಿಗೂ ನೋವಾಗುತ್ತದೆ.

ಭೋಸರಿ ಲೇತ್

ಅಕ್ಕ, ತಪ್ಪು ನಿಮ್ಮದಲ್ಲ. ನೀವು ಹೇಳಿದ ಗುರುತು ನೋಡಿದರೆ ಪಿಸ್ಟನ್‌ಗೂ ಬೋರಿಗೂ ನಡುವೆ ಗ್ಯಾಪ್ ಜಾಸ್ತಿ ಬಿಟ್ಟಿದ್ದಾರೆ, ಹೋನಿಂಗ್ (ಬೋರಿನ ಒಳಗೋಡೆ ಉಜ್ಜಿ ಸರಿ ಮಾಡುವುದು) ಕೂಡ ಸರಿ ಆಗಿಲ್ಲ. ಫೋರ್ಜ್ಡ್ ಪಿಸ್ಟನ್ ಬಿಸಿಗೆ ಜಾಸ್ತಿ ಹಿಗ್ಗುತ್ತದೆ. ಅದಕ್ಕೇ ಮಾಮೂಲಿ ಪಿಸ್ಟನ್‌ಗಿಂತ ಸ್ವಲ್ಪ ಜಾಸ್ತಿ ಗ್ಯಾಪ್ ಬಿಡುತ್ತಾರೆ. ಆ "ಸ್ವಲ್ಪ" ಅನ್ನುವುದು ತಲೆಕೂದಲಿನ ದಪ್ಪಕ್ಕಿಂತ ಕಡಿಮೆ. ಕಣ್ಣಂದಾಜಿನಲ್ಲಿ ಆಗುವ ಕೆಲಸ ಅಲ್ಲ. ಬೋರ್ ಗೇಜ್ ಇಟ್ಟು ಮೇಲೆ, ನಡುವೆ, ಕೆಳಗೆ, ಎರಡೂ ದಿಕ್ಕಿನಲ್ಲಿ ಅಳೆದು ಬರೆದುಕೊಡಬೇಕು. ಅಳತೆ ಬರೆದುಕೊಡದವರ ಹತ್ತಿರ ಬೋರ್ ಮಾಡಿಸಬೇಡಿ.

ಮೀಟಿಯರ್‌ನ ಬೋರ್ (ಸಿಲಿಂಡರಿನ ಅಗಲ) 72 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ಉದ್ದ) 85.8. ಬೋರ್ 76 ಮಾಡಿದರೆ 389 ಸಿಸಿ ಆಗುತ್ತದೆ, ಅಂದರೆ ಶೇ. 11 ಜಾಸ್ತಿ. ಹೆಡ್ ಹಾಗೇ ಇಟ್ಟು ಚಪ್ಪಟೆ ಪಿಸ್ಟನ್ ಹಾಕಿದರೆ ಕಂಪ್ರೆಷನ್ (ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಒತ್ತುತ್ತದೆ ಅನ್ನುವುದು) 9.5ರಿಂದ 10.4ರ ಹತ್ತಿರ ಹೋಗುತ್ತದೆ. ಆಗ ಕಡಿಮೆ ಆಕ್ಟೇನ್ ಪೆಟ್ರೋಲ್‌ಗೆ ಏರಿನಲ್ಲಿ ನಾಕಿಂಗ್ (ಪೆಟ್ರೋಲ್ ತಾನಾಗಿಯೇ ಸಿಡಿಯುವುದು) ಶುರು. ಗೋಲಿ ಡಬ್ಬಿ ಅಲ್ಲಾಡಿಸಿದ ಹಾಗೆ ಸದ್ದು ಬಂದರೆ ಅದೇ. ಪ್ರತಿ ಸಲ ಜಾಸ್ತಿ ಆಕ್ಟೇನ್ ಇರುವುದನ್ನೇ ಹಾಕಿಸಬೇಕು. ಇದು ಲಾಂಗ್ ಸ್ಟ್ರೋಕ್ ಎಂಜಿನ್, ಜಾಸ್ತಿ ಆರ್‌ಪಿಎಂಗೆ ತಿರುವಿ ಶಕ್ತಿ ತೆಗೆಯುವ ಜಾತಿಯದೂ ಅಲ್ಲ. 6100ರಲ್ಲೇ ಪಿಸ್ಟನ್ ಸೆಕೆಂಡಿಗೆ ಸರಾಸರಿ ಹದಿನೇಳೂವರೆ ಮೀಟರ್ ಓಡುತ್ತಿರುತ್ತದೆ. ಸೂಪರ್ ಮೀಟಿಯರ್ 650ರಲ್ಲಿ ಸ್ಟ್ರೋಕ್ 67.8, ಅದು 7250ಕ್ಕೆ ತಿರುಗಿದರೂ ಹದಿನಾರು ಚಿಲ್ಲರೆ.

ಕಾತ್ರಜ್ ಅಕ್ಕ

ಮೂರು ವರ್ಷಕ್ಕೆ ಇವತ್ತು ಕಾರಣ ಗೊತ್ತಾಯಿತು. ತುಂಬಾ ಧನ್ಯವಾದ ಅಣ್ಣ.

ಹಳೇ ಅವೆಂಜರ್

ಹಿಂಜವಡಿ ತಮ್ಮಾ, ಫ್ರೀ ಫ್ಲೋ ಹಾಕಿಸಿದಾಗ ಇಂಧನ ಹೊಂದಿಸಿದ್ದೀಯಾ? ಇಲ್ಲದಿದ್ದರೆ ನನ್ನ ಕಥೆ ಕೇಳು.

ನನ್ನದು ಕಾರ್ಬುರೇಟರ್ ಕಾಲದ ಅವೆಂಜರ್ 220. ಬಹಳ ಒಳ್ಳೆ ಗಾಡಿ. ಗಾಡಿಯಲ್ಲಿ ಯಾವ ದೋಷವೂ ಇರಲಿಲ್ಲ, ನಾನು ಮಾಡಿಸಿದ್ದು ತಪ್ಪು. ತೆರೆದ ಫಿಲ್ಟರ್ ಮತ್ತು ಫ್ರೀ ಫ್ಲೋ ಹಾಕಿಸಿದೆ, ಪೆಟ್ರೋಲ್ ಬಿಡುವ ಮೇನ್ ಜೆಟ್ ಮಾತ್ರ ಹಳೆಯದೇ ಉಳಿಯಿತು. ಗಾಳಿ ಜಾಸ್ತಿ, ಪೆಟ್ರೋಲ್ ಅಷ್ಟೇ. ತಾಮ್ಹಿಣಿ ಘಾಟ್‌ನಲ್ಲಿ ಏರುತ್ತಿದ್ದಾಗ ಒಮ್ಮೆಲೇ ಹಿಂದಿನ ಚಕ್ರ ಲಾಕ್ ಆದ ಹಾಗಾಯಿತು. ಕ್ಲಚ್ ಒತ್ತಿದ್ದಕ್ಕೆ ಬೀಳಲಿಲ್ಲ. ಮಳೆ ಬೇರೆ. ಅರ್ಧ ಗಂಟೆ ಬಿಟ್ಟು ಪ್ಲಗ್ ಬಿಚ್ಚಿ ನೋಡಿದರೆ ತುದಿ ಸುಣ್ಣದ ಹಾಗೆ ಬಿಳಿ. ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಅಲ್ಯುಮಿನಿಯಂ ಕಾಳು ಅಂಟಿಕೊಂಡಿದ್ದವು. ಅವು ಪಿಸ್ಟನ್‌ನಿಂದ ಕರಗಿ ಬಂದದ್ದು. ಎಂಜಿನ್ ಬಿಚ್ಚಿದಾಗ ಪಿಸ್ಟನ್ ಪಕ್ಕದಲ್ಲಿ ಉದ್ದುದ್ದ ಗೀರು, ರಿಂಗ್ ತನ್ನ ತೋಡಿನಲ್ಲೇ ಕಚ್ಚಿ ಕೂತಿತ್ತು. ಆ ಪಿಸ್ಟನ್ ಇನ್ನೂ ನನ್ನ ಕಪಾಟಿನಲ್ಲಿದೆ.

ಹಿಂಜವಡಿ ಹುಡುಗ

ಇಂಧನ ಹೊಂದಿಸಿಲ್ಲ ಅಣ್ಣ. ನನ್ನದು ಇಂಜೆಕ್ಷನ್ ಗಾಡಿ, ಆಕ್ಸಿಜನ್ ಸೆನ್ಸರ್ ಇದೆ. ಅದೇ ಹೊಂದಿಸಿಕೊಳ್ಳುತ್ತೆ ಅಂದರು ಅಂಗಡಿಯವರು.

ಭೋಸರಿ ಲೇತ್

ಅರ್ಧ ಸತ್ಯ. ನಿಧಾನ ಹೋಗುವಾಗ ಸೆನ್ಸರ್ ನೋಡಿಕೊಂಡು ಇಸಿಯು ಗಾಳಿ-ಪೆಟ್ರೋಲನ್ನು 14.7ಕ್ಕೆ 1ರ ಹತ್ತಿರ (ಎಥೆನಾಲ್ ಬೆರೆಸದ ಪೆಟ್ರೋಲ್‌ನ ಲೆಕ್ಕ) ಇಡುತ್ತದೆ. ಪೂರ್ತಿ ಆಕ್ಸಿಲರೇಟರ್ ತಿರುವಿದಾಗ ಸಾಮಾನ್ಯವಾಗಿ ಸೆನ್ಸರ್ ಮಾತು ಕೇಳುವುದಿಲ್ಲ, ಕಂಪನಿ ಬರೆದಿಟ್ಟ ಪಟ್ಟಿ ನೋಡಿ ಪೆಟ್ರೋಲ್ ಬಿಡುತ್ತದೆ. ಜಾಸ್ತಿ ಶಕ್ತಿಗೆ ಆಗ ಅದೇ ಲೆಕ್ಕದಲ್ಲಿ 13ರ ಹತ್ತಿರ, ಅಂದರೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಬೇಕು. ಆ ಪಟ್ಟಿ ನಿನ್ನ ಹೊಸ ಸೈಲೆನ್ಸರ್‌ಗೆ ಬರೆದದ್ದಲ್ಲ. ಆ ವ್ಯತ್ಯಾಸ ತುಂಬಲಿಕ್ಕೇ ಇಸಿಯು ಮೇಲೆ ಕೂರಿಸುವ ಫ್ಯುಯೆಲ್‌ಎಕ್ಸ್, ಪವರ್‌ಟ್ರಾನಿಕ್ ಡಬ್ಬಿಗಳು ಇರುವುದು. ಎರಡೂ ನಮ್ಮ ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನವರದು. ಮೊದಲನೆಯದು ಇಂಧನ ಮಾತ್ರ ನೋಡಿಕೊಳ್ಳುತ್ತದೆ, ಎರಡನೆಯದರಲ್ಲಿ ಇಗ್ನಿಷನ್ ಟೈಮಿಂಗ್ ಕೂಡ ಬದಲಿಸಬಹುದು.

ಶಿವಾಜಿನಗರ ವಕೀಲ

ಸ್ವಲ್ಪ ಕಾನೂನಿನ ಕಡೆಯೂ ನೋಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರದಿಂದ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಒಂದೊಂದು ಬದಲಾವಣೆಗೆ 5 ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಸದ್ದು, ಹೊಗೆಯ ನಿಯಮ ಮೀರಿದರೆ 190(2) ಬೇರೆ, ಅದರಲ್ಲಿ ದಂಡ 10 ಸಾವಿರದವರೆಗೆ ಇದೆ. 175 ಸಿಸಿಗಿಂತ ದೊಡ್ಡ ಬೈಕಿಗೆ ಸದ್ದಿನ ಮಿತಿ 80 ಡೆಸಿಬೆಲ್. ಪುಣೆ ಪೊಲೀಸರು ಕಿತ್ತ ಸೈಲೆನ್ಸರ್‌ಗಳನ್ನು ರೋಡ್ ರೋಲರ್ ಕೆಳಗೆ ಹಾಕಿದ್ದು ನೀವೆಲ್ಲ ನೋಡಿದ್ದೀರಿ.

ದಂಡಕ್ಕಿಂತ ನನಗೆ ಚಿಂತೆ ಇನ್ಶೂರೆನ್ಸ್‌ನದು. ಬೋರ್ ಬದಲಾದ ಗಾಡಿ ಅಪಘಾತ ಆದಾಗ ಕ್ಲೇಮ್ ತಕರಾರಿಗೆ ಬೀಳುತ್ತದೆ. ಹಿಂದೆ ಹೆಂಡತಿ ಕೂತಿರುತ್ತಾರೆ ಅಂತ ಬರೆದಿದ್ದೀರಿ, ಅದಕ್ಕೇ ಹೇಳಿದೆ.

ಹಿಂಜವಡಿ ಹುಡುಗ

ಹಾಗಾದರೆ ಯಾರೂ ಏನೂ ಮಾಡಿಸಲೇಬಾರದಾ ಸರ್? ಅಂಗಡಿಯಲ್ಲಿ ರಾಜಾರೋಷವಾಗಿ ಮಾರುತ್ತಾರೆ.

ಶಿವಾಜಿನಗರ ವಕೀಲ

ಮಾರುವುದು ಬೇರೆ, ರಸ್ತೆ ಮೇಲೆ ಓಡಿಸುವುದು ಬೇರೆ. ಟ್ರ್ಯಾಕ್‌ಗೆ ಅಂತಲೇ ಇಟ್ಟ ಗಾಡಿಗೆ ಏನು ಬೇಕಾದರೂ ಮಾಡಿಸಿ. ದಿನಾ ಓಡಿಸುವ ಗಾಡಿಯಲ್ಲಿ ಕಂಪನಿ ಸೈಲೆನ್ಸರ್, ಕ್ಯಾಟ್ ಕಾನ್ (ಹೊಗೆಯ ವಿಷ ತಗ್ಗಿಸುವ ಭಾಗ) ತೆಗೆಯಬೇಡಿ ಅನ್ನುವುದು ನನ್ನ ಮಾತು.

ನಿಪ್ಪಾಣಿ ನಾಕಾ

ಧಾರವಾಡಕ್ಕೆ ಹೋಗುವವರು ಸಾತಾರಾದಲ್ಲಿ ಕಂದಿ ಪೇಡಾ ತಗೊಂಡು ಹೋಗ್ತೀರಾ ಇಲ್ವಾ?

ವಾಕಡ್ ಮೀಟಿಯರ್

ಧಾರವಾಡಕ್ಕೆ ಪೇಡಾ ತಗೊಂಡು ಹೋಗುವುದಾ? ನಮ್ಮ ಅವ್ವ ಬಾಗಿಲು ತೆಗೆಯುವುದಿಲ್ಲ!

ನಿಪ್ಪಾಣಿ ನಾಕಾ

ಎರಡೂ ಬೇರೆ ಬೇರೆ ರೀ. ಕಂದಿ ಪೇಡಾ ಮೆತ್ತಗೆ, ಹಾಲಿನ ರುಚಿ ಜಾಸ್ತಿ. ಧಾರವಾಡದ್ದು ಹುರಿದು ಹುರಿದು ಕಂದು ಬಣ್ಣ, ಮೇಲೆ ಸಕ್ಕರೆ ಪುಡಿ. ನಾನು ಎರಡನ್ನೂ ತಿನ್ನುತ್ತೇನೆ.

ಕಾತ್ರಜ್ ಅಕ್ಕ

ಬೆಳಗಾವಿ ಕುಂದಾ ಬಿಟ್ಟು ಈ ಮಾತು ಮುಗಿಯುವುದಿಲ್ಲ.

ಮುಲುಂಡ್ ಭಟ್ರು

ಮಾರಾಯ್ರೆ, ಗಾಡಿಗೆ ವಾಪಸ್ ಬರೋಣ. ಲೇತ್ ಅಣ್ಣ, ನೀವೇ ಕೊನೆಗೆ ಒಂದು ಹೇಳಿ. 40 ಸಾವಿರದಲ್ಲಿ ಏನು ಮಾಡಿಸಬೇಕು ಅವರು?

ಭೋಸರಿ ಲೇತ್

ನಾನಾದರೆ ಮೊದಲು ಗಾಡಿಗೆ ಕಂಪನಿ ಕೊಟ್ಟ ಶಕ್ತಿ ಪೂರ್ತಿ ಇದೆಯಾ ಅಂತ ನೋಡುತ್ತೇನೆ. ವಾಕಡ್ ಸುತ್ತ ಕಟ್ಟಡ ಕೆಲಸ ನಿಂತದ್ದೇ ಇಲ್ಲ, ಏರ್ ಫಿಲ್ಟರ್ ತೆಗೆದು ನೋಡಿ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ, ಬ್ರೇಕ್ ಹಿಡಿಯುತ್ತಿದೆಯಾ ಗೊತ್ತಾಗುತ್ತದೆ. ಚೈನ್ ಬಿಗಿ, ಟೈರ್ ಗಾಳಿ, ಟ್ಯಾಪೆಟ್, ಕ್ಲಚ್ ನೋಡಿಸಿ.

ಆಮೇಲೆ ಮುಂದಿನ ಸ್ಪ್ರಾಕೆಟ್, ಅಂದರೆ ಚೈನ್ ಎಳೆಯುವ ಹಲ್ಲಿನ ಚಕ್ರ. ಒಂದು ಹಲ್ಲು ಕಡಿಮೆ ಇರುವುದು ಹಾಕಿಸಿ. ಪ್ರತಿ ಗೇರಿನಲ್ಲೂ ಚಕ್ರದ ಎಳೆತ ಸುಮಾರು ಶೇ. 7 ಜಾಸ್ತಿ ಆಗುತ್ತದೆ. ಸಾವಿರಗಟ್ಟಲೆ ಸುರಿದು ಬೋರ್ ಮಾಡಿಸಿದರೆ ಸಿಗುವುದು 11. ಲೆಕ್ಕ ನೀವೇ ಹಾಕಿ.

ಮುಲುಂಡ್ ಭಟ್ರು

ಇದನ್ನು ನಾನು ಒಪ್ಪುವುದಿಲ್ಲ. ಸ್ಪ್ರಾಕೆಟ್ ಶಕ್ತಿ ಹುಟ್ಟಿಸುವುದಿಲ್ಲ. 90ರಲ್ಲಿ ಎಂಜಿನ್ ಜಾಸ್ತಿ ತಿರುಗುತ್ತದೆ, ಮೈಲೇಜ್ ಇಳಿಯುತ್ತದೆ, ಕ್ರೂಸರ್‌ನ ಆ ನಿಧಾನದ ನಡಿಗೆಯೇ ಹೋಗುತ್ತದೆ.

ಭೋಸರಿ ಲೇತ್

ಭಟ್ರೇ, ಶಕ್ತಿ ಹುಟ್ಟುವುದಿಲ್ಲ ಅನ್ನುವುದು ಸರಿ. ಇರುವ ಶಕ್ತಿ ಏರಿನಲ್ಲಿ ಬೇಗ ಕೈಗೆ ಸಿಗುತ್ತದೆ, ಅವರು ಕೇಳಿದ್ದು ಅದನ್ನೇ. 90ರಲ್ಲಿ ಮುನ್ನೂರು ಆರ್‌ಪಿಎಂ ಜಾಸ್ತಿ ಆಗಬಹುದು. ಈ ಎಂಜಿನ್‌ಗೆ ಬ್ಯಾಲೆನ್ಸರ್ ಇದೆ, ಅಷ್ಟಕ್ಕೆ ನಡುಗುವುದಿಲ್ಲ. ಇಷ್ಟ ಆಗದಿದ್ದರೆ ಹಳೇದನ್ನು ಅರ್ಧ ಗಂಟೆಯಲ್ಲಿ ವಾಪಸ್ ಹಾಕಬಹುದು. ಕೊರೆದ ಸಿಲಿಂಡರನ್ನು ವಾಪಸ್ ತುಂಬಲಿಕ್ಕೆ ಆಗುತ್ತದಾ?

ಹಿಂಜವಡಿ ಹುಡುಗ (ಶುಕ್ರವಾರ)

ಟೆಸ್ಟ್ ಮಾಡಿದೆ. ಬೆಳಗ್ಗೆ ಐದೂವರೆಗೆ ಖಾಲಿ ರಸ್ತೆಯಲ್ಲಿ, ಗೆಳೆಯ ಫೋನಿನಲ್ಲಿ ವಿಡಿಯೊ ತೆಗೆದ. ಕಂಪನಿ ಸೈಲೆನ್ಸರ್: 9.2, 9.0, 9.1 ಸೆಕೆಂಡ್. ಫ್ರೀ ಫ್ಲೋ: 9.0, 9.2, 8.9. ಮತ್ತೆ ಮತ್ತೆ ನೋಡಿದೆ. ಲೇತ್ ಅಣ್ಣ ಹೇಳಿದ್ದು ನಿಜ. ನಾನು ಕಂಪನಿದನ್ನೇ ವಾಪಸ್ ಹಾಕಿದ್ದೇನೆ. ಅಮ್ಮನಿಗೆ ಬಹಳ ಖುಷಿ, ರಾತ್ರಿ ನಾನು ಬಂದರೆ ಮಗು ಏಳುತ್ತಿತ್ತು.

ಭೋಸರಿ ಲೇತ್

ಶಾಬಾಸ್ ತಮ್ಮಾ. ನಸುಕಿನಲ್ಲಿ ಎದ್ದು ಅಳೆದೆಯಲ್ಲ, ಬಹಳ ಸಂತೋಷ ಆಯಿತು.

ವಾಕಡ್ ಮೀಟಿಯರ್ (ಎರಡು ವಾರದ ನಂತರ)

ಎಲ್ಲರಿಗೂ ವರದಿ ಕೊಡುತ್ತೇನೆ.

ಏರ್ ಫಿಲ್ಟರ್ ಹೊರಗೆ ತೆಗೆದಾಗ ನನಗೇ ಗಾಬರಿ ಆಯಿತು. ಮಡಿಕೆ ಮಡಿಕೆಯಲ್ಲೂ ಸಿಮೆಂಟ್ ಬಣ್ಣದ ಧೂಳು. ನೆಲಕ್ಕೆ ಒಮ್ಮೆ ತಟ್ಟಿದ್ದಕ್ಕೆ ಒಂದು ಚಮಚ ಬಿತ್ತು. ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿದರೆ ಅರ್ಧ ಸುತ್ತು ಹೋಗಿ ನಿಲ್ಲುತ್ತಿತ್ತು. ಬ್ರೇಕ್ ಪಿನ್ ತುಕ್ಕು ಹಿಡಿದು ಪ್ಯಾಡ್ ಬಿಡುತ್ತಲೇ ಇರಲಿಲ್ಲ. ಅಂದರೆ ಇಷ್ಟು ದಿನ ನಾನು ಬ್ರೇಕ್ ಒತ್ತಿಕೊಂಡೇ ಘಾಟ್ ಹತ್ತಿದ್ದೇನೆ. ಟೈರ್ ಗಾಳಿ ಡಬಲ್ ಸೀಟ್‌ಗೆ ಹೇಳಿದ್ದಕ್ಕಿಂತ 8 ಪಿಎಸ್‌ಐ ಕಡಿಮೆ. ಎಲ್ಲ ಸರಿ ಮಾಡಿಸಿದೆ. ಪುಣೆಯ ಬಿಡಿಭಾಗದ ಪೇಟೆ ನಾನಾ ಪೇಠ್‌ನಲ್ಲಿ ಹುಡುಕಿ ಒಂದು ಹಲ್ಲು ಕಡಿಮೆ ಇರುವ ಸ್ಪ್ರಾಕೆಟ್ ತಂದು ಹಾಕಿಸಿದೆ. ಒಟ್ಟು ಖರ್ಚು ನಾಲ್ಕು ಸಾವಿರದ ಒಳಗೆ.

ಹೋದ ಶನಿವಾರ ಊರಿಗೆ ಹೋದೆವು. ಅದೇ ಹೆಂಡತಿ, ಅದೇ ಬ್ಯಾಗು. ಖಂಬಾಟಕಿಯಲ್ಲಿ ಕಂಟೇನರ್ ಸಿಕ್ಕಿತು. ಮೊದಲೇ ಮೂರಕ್ಕೆ ಇಳಿಸಿ ಜಾಗಕ್ಕೆ ಕಾದೆ. ಜಾಗ ಸಿಕ್ಕ ಕೂಡಲೇ ತಿರುವಿದೆ, ಕಂಟೇನರ್ ಹಿಂದೆ ಬಿತ್ತು. ಹೆಂಡತಿ ಏನೂ ಅನ್ನಲಿಲ್ಲ. ಮೇಲೆ ಹೋಗಿ ನಿಲ್ಲಿಸಿದಾಗ "ಎಂಜಿನ್ ಬದಲಿಸಿದ್ರಾ?" ಅಂತ ಕೇಳಿದಳು. ಭಟ್ರೇ, 90ರಲ್ಲಿ ಸದ್ದು ಸ್ವಲ್ಪ ಜಾಸ್ತಿ ಆಗಿದೆ, ಮೈಲೇಜ್ ಲೀಟರಿಗೆ ಒಂದು ಕಿ.ಮೀ. ಕಡಿಮೆ. ನನಗೆ ಪರವಾಗಿಲ್ಲ.

ಮುಲುಂಡ್ ಭಟ್ರು

ಒಳ್ಳೆಯದಾಯಿತು ಮಾರಾಯ್ರೆ. ಏರಿಗೆ ಇದೇ ಸರಿ ಅಂತ ಒಪ್ಪುತ್ತೇನೆ. ಉಳಿದ 36 ಸಾವಿರ?

ವಾಕಡ್ ಮೀಟಿಯರ್

ಹೆಂಡತಿಗೆ ಒಳ್ಳೆ ಹೆಲ್ಮೆಟ್ ಮತ್ತು ಜಾಕೆಟ್ ತಗೊಂಡೆ. ನನ್ನ ಜಾಕೆಟ್ ಹೊಲಿಸಿದೆ. ಉಳಿದದ್ದರಲ್ಲಿ ಫ್ಯುಯೆಲ್‌ಎಕ್ಸ್ ಹಾಕಿಸಬೇಕಾ ಅಂತ ಯೋಚನೆ ಇದೆ, ಸೈಲೆನ್ಸರ್ ಕಂಪನಿದೇ ಇಟ್ಟುಕೊಂಡು. ಲೇತ್ ಅಣ್ಣ, ಏನಂತೀರಿ?

ಶಿವಾಜಿನಗರ ವಕೀಲ

ಅದೂ ಬದಲಾವಣೆಯ ಲೆಕ್ಕಕ್ಕೇ ಬರಬಹುದು. ಹಾಕಿಸುವ ಮುಂಚೆ ಇನ್ಶೂರೆನ್ಸ್‌ನವರಿಗೆ ಬರೆದು ಕೇಳಿ.

ಭೋಸರಿ ಲೇತ್

ವಕೀಲರು ಹೇಳಿದ್ದನ್ನು ಮಾಡಿ. ಅದಕ್ಕೂ ಮುಂಚೆ ಪ್ಲಗ್ ನೋಡೋಣ. ಕಂದು ಬಣ್ಣ ಇದ್ದರೆ ಸದ್ಯಕ್ಕೆ ಏನೂ ಬೇಡ. ಭಾನುವಾರ ಬೆಳಗ್ಗೆ ಭೋಸರಿಗೆ ಬನ್ನಿ, ಗಾಡಿ ತಣ್ಣಗಾದ ಮೇಲೆ ಬಿಚ್ಚೋಣ. ಪ್ಲಗ್ ಪಾನಾ, ಟಾರ್ಕ್ ರೆಂಚ್ ನನ್ನ ಹತ್ತಿರ ಇವೆ. ಹಿಂಜವಡಿ ತಮ್ಮನೂ ಬರಲಿ, ಅವನ ಗಾಡಿಯದ್ದೂ ನೋಡಿಬಿಡೋಣ.

ಹಿಂಜವಡಿ ಹುಡುಗ

ಏಳೂವರೆಗೆ ಬರುತ್ತೇನೆ ಅಣ್ಣ.